ಪೂಜೆಗೆ ಮಾತ್ರ ಹೊರಬಂದ ಸೂಕ್ಷ್ಮದರ್ಶಕ

ನಾನು ಒಂದು ಸೂಕ್ಷ್ಮದರ್ಶಕ. ಅಂಬಾಲಾದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಹಿತ್ತಾಳೆಯ ಕೊಳವೆ, ಮಸೂರಗಳು, ಅಡಿಯಲ್ಲೊಂದು ಪುಟ್ಟ ಕನ್ನಡಿ. ಬಡ ಮಕ್ಕಳೂ ವಿಜ್ಞಾನ ಕಲಿಯಲಿ ಎಂದು ಸರ್ಕಾರ ನಮ್ಮನ್ನು ಕೊಂಡಿತು. ನನ್ನ ಜೊತೆ ಹುಟ್ಟಿದವನು ತಾಲ್ಲೂಕಿನ ದೊಡ್ಡ ಶಾಲೆಗೆ ಹೋದ. ನಾನು ಸುರಪುರದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ಬಂದೆ. ಬಂದವನು ನೇರ ಬೀರುವಿಗೆ ಹೋದೆ.

ಹೆಡ್‌ಮಾಸ್ತರ ಗುರುಬಸಪ್ಪ ಕೆಟ್ಟವರಲ್ಲ, ಪುಕ್ಕಲರು. ದಾಸ್ತಾನು ಪುಸ್ತಕದಲ್ಲಿರುವ ವಸ್ತು ಒಡೆದರೆ ತಮ್ಮ ತಲೆಗೆ ಬರುತ್ತದೆಂಬ ಭಯ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ನನ್ನನ್ನು ಹೊರಗಿಟ್ಟು, ಮಸೂರಕ್ಕೇ ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ, ಮಕ್ಕಳಿಂದ ಕೈ ಮುಗಿಸಿ ಮತ್ತೆ ಬೀಗ ಹಾಕುತ್ತಿದ್ದರು. ಹೀಗೆ ಒಂಬತ್ತು ವರ್ಷ. ಕೈ ಮುಗಿಯಬಹುದು, ಕೈ ಹಚ್ಚುವಂತಿಲ್ಲ. ಇದೆಂಥ ಶಾಲೆ?

ಹತ್ತನೇ ತರಗತಿಯ ಅಯ್ಯಮ್ಮ ಓದಿನಲ್ಲಿ ಎಲ್ಲರಿಗಿಂತ ಮುಂದು. ಜಿಲ್ಲೆಯ ಸರ್ಕಾರಿ ವಸತಿ ಕಾಲೇಜಿನಲ್ಲಿ ವಿಜ್ಞಾನ ಓದಲು ಪುಕ್ಕಟೆ ಸೀಟು ಕೊಡುವ ಪರೀಕ್ಷೆಗೆ ಕೂತಳು. ಬರವಣಿಗೆಯಲ್ಲಿ ಪಾಸಾದಳು. ಉಳಿದದ್ದು ಪ್ರಯೋಗ: ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಂಡದ್ದರ ಚಿತ್ರ ಬರೆಯಬೇಕು. ಸೀಟು ಸಿಗದಿದ್ದರೆ ಓದು ಅಲ್ಲಿಗೇ ನಿಂತಂತೆ. ಅವ್ವನ ಜೊತೆ ಹತ್ತಿ ಬಿಡಿಸಲು ಹೋಗಬೇಕು.

ಅತಿಥಿ ಶಿಕ್ಷಕಿ ರೇಷ್ಮಾ ಬೀರುವಿನ ಕೀಲಿಕೈ ಕೇಳಿದರು.

"ಒಂದ ತಾಸು ಕೊಡ್ರಿ ಸರ್. ನಾನ ಬಾಜೂಕ ಕುಂತು ತೋರಸ್ತೀನಿ."

"ನನ್ನ ರಿಟೈರ್‌ಮೆಂಟಿಗೆ ಎರಡ ತಿಂಗಳೈತಿ, ಮೇಡಂ. ಒಡದ್ರ ಪಿಂಚಣಿ ನಿಂದರಸ್ತಾರ. ಪುಸ್ತಕದಾಗ ಚಿತ್ರ ಐತಲ್ಲ, ಬಾಯಿಪಾಠ ಮಾಡಸ್ರಿ."

"ಈಜೂ ಬಾಯಿಪಾಠ ಮಾಡ್ಸೂನೇನ್ರಿ?"

ಗುರುಬಸಪ್ಪ ಕೀಲಿಕೈಯಿದ್ದ ಜೇಬಿನ ಮೇಲಿನ ಕೈ ತೆಗೆಯಲಿಲ್ಲ.

ಪರೀಕ್ಷೆ ಮುಗಿಸಿ ಬಂದ ಅಯ್ಯಮ್ಮ, ಬೀರುವಿನ ಮುಂದೆಯೇ ನಿಂತು ಹೇಳಿದಳು.

"ಜೀವಕೋಶದ ಭಾಗದ ಹೆಸರು ಎಲ್ಲಾ ಬರದೀನಿ, ಮಿಸ್. ಒಳಗ ಮಾತ್ರ ಏನೂ ಕಾಣ್ಲಿಲ್ರಿ. ಬರೇ ಕತ್ತಲ."

"ಕೆಳಗಿನ ಕನ್ನಡಿ ಬೆಳಕಿನ ಕಡೆ ತಿರುವಿದ್ಯೋ ಇಲ್ಲೋ?"

"ಅದು ತಿರುಗ್ತದೇನ್ರಿ, ಮಿಸ್?"

ತಾಲ್ಲೂಕಿನ ದೊಡ್ಡ ಶಾಲೆಯ ಮಕ್ಕಳು ಕೂತ ಕೂಡಲೇ ಕನ್ನಡಿ ತಿರುವಿದ್ದರಂತೆ. ಸೀಟು ಆಮೇಲೆ ಅವರ ಪಾಲಾಯಿತು.

ಅಂದು ಅಯ್ಯಮ್ಮನ ಮಾತು ಕೇಳಿದ ಗುರುಬಸಪ್ಪ ಎದ್ದು ಬಂದು ಬೀಗ ತೆಗೆದರು. ರೇಷ್ಮಾ ಈರುಳ್ಳಿಯ ಪೊರೆ ಇಟ್ಟು, ನನ್ನ ಕನ್ನಡಿಯನ್ನು ಕಿಟಕಿಯ ಕಡೆ ತಿರುವಿದರು. ಅಯ್ಯಮ್ಮ ಬಗ್ಗಿ ನೋಡಿದಳು.

"ಇದ್ರಾಗೂ ಏನಿಲ್ರಿ. ಬೆಳ್ಳಗ ಮಬ್ಬು ಐತಿ."

ಸೋರುವ ಗೋಡೆಯ ತೇವಕ್ಕೆ ನನ್ನ ಮಸೂರಗಳಿಗೆ ಬೂಷ್ಟು ಹಿಡಿದಿತ್ತು. ನನಗೇ ಗೊತ್ತಿರಲಿಲ್ಲ.

ನಿವೃತ್ತಿಯ ದಿನ ಗುರುಬಸಪ್ಪ ದಾಸ್ತಾನು ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಹಾಕಿ, ಶಾಲು ಹೊದಿಸಿಕೊಂಡು ಹೋದರು.

ಈಗ ಮುರಿದ ಬೆಂಚುಗಳ ಕೋಣೆಯಲ್ಲಿ ಬಿದ್ದಿದ್ದೇನೆ. ಬಡವರ ಮಕ್ಕಳಿಗೆಂದು ಬಂದ ನನ್ನನ್ನು ಬಡವರ ಮಕ್ಕಳಿಂದಲೇ ಕಾಪಾಡಿದರು. ಒಡೆದುಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಒಡೆಯುವ ಮುಂಚೆ ಹತ್ತು ಮಕ್ಕಳಾದರೂ ನೋಡಿರುತ್ತಿದ್ದರು. ದಿನಾ ಬೆಳಿಗ್ಗೆ ಶಾಲೆಯ ಗಂಟೆಗೂ ಮೊದಲು ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿ ಕಿಟಕಿಯಾಚೆ ಬಂದು ನಿಲ್ಲುತ್ತದೆ. ಅಯ್ಯಮ್ಮ ಬುತ್ತಿಗಂಟು ಹಿಡಿದು ಅದನ್ನೇರುತ್ತಾಳೆ.