ಬೆನ್ನ ಹಿಂದಿನ ಬೆಂಕಿ

ಕನ್ನಡಕದ ಅಂಗಡಿಯವನಿಗೆ ತನ್ನ ಕಾರಿನ ಹಿಂದಿನಿಂದ ಬೆಂಕಿ ಹಾರಿಸಬೇಕೆಂಬ ಹುಚ್ಚು ಹತ್ತಿತ್ತು. ಗುಜರಿಗೆ ಹೊರಟಿದ್ದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರನ್ನು ಎಳೆದು ತಂದು, ಉಜ್ಜಿ ಉಜ್ಜಿ ಹೊಳೆಸಿದ್ದ. ಅದರ ಸ್ಟಿಯರಿಂಗ್ ಮುಟ್ಟುವ ಹಕ್ಕು ಅವನೊಬ್ಬನದು. ಹೆಂಡತಿ ದಿನಾ ಶಾಲೆಯ ಬಸ್ಸು ಓಡಿಸುವವಳು. ಊರಿನವರು ಕಣ್ಣು ಮುಚ್ಚಿ ಅವಳ ಕೈಗೆ ಮಕ್ಕಳನ್ನು ಒಪ್ಪಿಸುತ್ತಿದ್ದರು, ಈ ಮಹಾಶಯ ಕಾರಿನ ಬಾಗಿಲನ್ನೂ ಒಪ್ಪಿಸುತ್ತಿರಲಿಲ್ಲ. "ನಿಂದು ಬಸ್ಸಿನ ಕೈ ಕಣೇ," ಎಂದು ಇಳಿದು ಬಂದು ತಾನೇ ಹಾಕುತ್ತಿದ್ದ.

ಮೆಕ್ಯಾನಿಕ್ ಅವಳ ತಮ್ಮನೇ. "ಗಾಳಿ ತುರುಕೋ ಟರ್ಬೊ ಇರೋ ಗಾಡಿ ಆಗಿದ್ರೆ ಸುಲಭ ಇತ್ತು ಭಾವ. ಇದು ತಾನಾಗೇ ಉಸಿರು ಎಳ್ಕೊಳ್ಳೋ ಇಂಜಿನ್ನು, ಸತಾಯಿಸುತ್ತೆ," ಎಂದು ತಲೆ ಕೆರೆದುಕೊಂಡ. ಆಮೇಲೆ ಅವನಿಗೂ ಹಟ ಬಂತು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೂ ಪೆಟ್ರೋಲು ಬೀಳುತ್ತಿರುವಂತೆ, ಕಿಡಿ ತುಸು ತಡವಾಗಿ ಹಾರುವಂತೆ ಇಂಜಿನ್ನಿನ ಕಂಪ್ಯೂಟರನ್ನು ಲ್ಯಾಪ್‌ಟಾಪಿನಲ್ಲಿ ತಿದ್ದಿದ. ಉರಿಯದೆ ಉಳಿದ ಪೆಟ್ರೋಲು ಹಿಂದಿನ ಹೊಗೆ ಕೊಳವೆಯಲ್ಲಿ ಹತ್ತಿಕೊಳ್ಳಬೇಕು, ಅದೇ ಉಪಾಯ. ಮೊದಮೊದಲು ಬಂದದ್ದು ಬರೀ ಕೆಮ್ಮು.

ಒಂದು ಸಂಜೆ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ, ಅಕ್ಕ ತಮ್ಮ ಬದಿಯಲ್ಲಿ ನಿಂತು ನೋಡುತ್ತಿರುವಾಗ, ಅವನು ಓಡಿಸುತ್ತಿದ್ದ ಕಾರು ಢಮ್ಮೆಂದಿತು.

"ಬಂತು ಭಾವ! ಮೊಳದುದ್ದ!"

"ಎಲ್ಲೋ?" ಎಂದು ತಿರುಗುವಷ್ಟರಲ್ಲಿ ಬರೀ ಹೊಗೆ. ಬೆಂಕಿ ಬರುವುದು ಗಾಡಿ ಓಡುತ್ತಿದ್ದಾಗ, ಓಡಿಸುವವನು ಕೂರುವುದು ಮುಂದೆ. ಇಷ್ಟು ದಿನ ಒದ್ದಾಡಿದವನಿಗೆ ಇದೊಂದು ಹೊಳೆದಿರಲಿಲ್ಲ. ಕನ್ನಡಿಯಲ್ಲಿ ಕಾರಿನ ಹಿಂಭಾಗವೇ ಅಡ್ಡ. ಮೊಬೈಲಿನಲ್ಲಿ ಹಿಡಿಸಿ ನೋಡಿದರೆ ಯಾರೋ ಬೀಡಿ ಹಚ್ಚಿದ ಹಾಗಿತ್ತು.

ಗೋದಾಮಿನ ಕಾವಲುಗಾರ ನೋಡಿದ. ಬೀದಿನಾಯಿ ನೋಡಿ ಓಡಿಹೋಯಿತು. "ಚೆನ್ನಾಗಿತ್ತು ರೀ," ಎಂದು ಊಟಕ್ಕೆ ಕೂತಾಗ ಹೆಂಡತಿಯೂ ಹೇಳಿದಳು. ಊರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವವನಿಗೆ ತನ್ನ ಬೆಂಕಿಯೊಂದು ಕಾಣಬಾರದೇ ಎಂದು ನಿಜಕ್ಕೂ ಹೊಟ್ಟೆ ಉರಿಯಿತು.

"ನೀನೇ ಓಡಿಸೋ," ಎಂದು ಭಾವಮೈದುನನನ್ನು ಕೇಳಿದ.

"ಈ ಹೊಟ್ಟೆ ಸ್ಟಿಯರಿಂಗ್ ಕೆಳಗೆ ಹಿಡಿಸಲ್ಲ ಭಾವ. ಅಕ್ಕ ಇದಾಳಲ್ಲ?"

ಮರುದಿನ ಸಂಜೆ, ಕಿಡ್ನಿ ಕಿತ್ತು ಕೊಡುವವನ ಮುಖ ಮಾಡಿ ಕೀ ಕೊಟ್ಟ. "ಒಂದೇ ಸಲ. ಮೂರನೇ ಗೇರಲ್ಲಿ ಒತ್ತಿ, ಕಾಲು ತೆಗಿ. ಬಾಗಿಲು ನಾನೇ ಹಾಕ್ತೀನಿ."

ಕಾರು ಅರಚುತ್ತ ಅವನ ಮುಂದೆ ಹಾದುಹೋಯಿತು. ಅವಳು ಕಾಲು ತೆಗೆದಳು. ಮಬ್ಬುಗತ್ತಲಲ್ಲಿ ಮೊದಲು ನೀಲಿ, ಆಮೇಲೆ ಕೇಸರಿ, ನಾಲಗೆ ಚಾಚಿದಂತೆ ಬಂದು ಹೋಯಿತು. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಕಣ್ಣು ತುಂಬಿ ಬಂದು, ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಢಂ.

ಅವಳು ವಾಪಸು ಬಂದು, ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಳು. ಮುಖ ಕೆಂಪೇರಿತ್ತು. ಅವನು ಕೀಗೆಂದು ಕೈ ಚಾಚಿದ.

"ನೋಡಿದ್ರಾ?"

"ಮೊದಲನೇದು ನೋಡಿದೆ. ಎರಡನೇದಕ್ಕೆ ಕಣ್ಣು ಒರೆಸ್ಕೊಳ್ತಿದ್ದೆ."

"ಅಯ್ಯೋ ಭಾವ! ಎರಡನೇದೇ ಜೋರು!" ಎಂದು ಪಕ್ಕದಲ್ಲಿ ನಿಂತಿದ್ದ ಅವಳ ತಮ್ಮ ಹಣೆ ಚಚ್ಚಿಕೊಂಡ.

"ಕೀ ಬೇಕಾ, ಬೆಂಕಿ ಬೇಕಾ? ಬೇಗ ಹೇಳಿ," ಎಂದಳು.

ಚಾಚಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು, ಆಮೇಲೆ ಮೆಲ್ಲಗೆ ಜೇಬು ಸೇರಿತು. ಅವಳು ಕಾಲು ಒಳಗೆಳೆದುಕೊಂಡು ಬಾಗಿಲನ್ನು ಧಡಾರೆಂದು ಹಾಕಿಕೊಂಡಳು. ಅವನು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಚೆನ್ನಾಗಿ ಒರೆಸಿ ಹಾಕಿಕೊಂಡು, ರಸ್ತೆಯ ಬದಿಗೆ ಸರಿದು ನಿಂತ.