ಮೂರು ರೀಲಿನ ಭವಿಷ್ಯ

ನನ್ನ ಗಂಡ ಕಾಶಿನಾಥ ಅವರಿಗೆ ಜಗತ್ತು ಹಾಳಾಗುವ ಇಂಗ್ಲಿಷ್ ಸಿನಿಮಾಗಳೆಂದರೆ ಭಕ್ತಿ. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಅವರು ಯಶವಂತಪುರದ ಕಾರ್ಖಾನೆಯೊಂದರ ಚಿತ್ರ ಸಂಘಕ್ಕೆ ಕಾರ್ಯದರ್ಶಿ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ರಿಕ್ರಿಯೇಷನ್ ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಸಿ, ಏಳೆಂಟು ವರ್ಷ ಹಳೆಯದಾದ ಪ್ರಿಂಟು ತರಿಸಿ ತೋರಿಸುತ್ತಿದ್ದರು. ಎಲ್ಲದರಲ್ಲೂ ಅದೇ ಕತೆ. ಎರಡು ಸಾವಿರದ ಇಸವಿ ದಾಟಿದೆ, ಜನ ಬೆಳ್ಳಿ ಬಣ್ಣದ ಬಟ್ಟೆ ತೊಟ್ಟು ಹಸಿರು ಮಾತ್ರೆ ನುಂಗುತ್ತಾರೆ, ಒಬ್ಬ ಗಂಡಸಿಗೆ ಮಾತ್ರ ಸ್ವಾತಂತ್ರ್ಯದ ನೆನಪಾಗುತ್ತದೆ. ಅವನಿಗೆ ದಪ್ಪ ಕೆನ್ನೆಗೂದಲು ಇದ್ದೇ ಇರುತ್ತದೆ.

ಇಂಗ್ಲಿಷ್ ಬಾರದ ಸದಸ್ಯರಿಗಾಗಿ ಸಿನಿಮಾದ ಕತೆಯನ್ನು ಕನ್ನಡದಲ್ಲಿ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ ಹಂಚುವುದು ಸಂಘದ ಪದ್ಧತಿ. ಪ್ರಿಂಟಿನ ಜೊತೆ ಬರುವ ಇಂಗ್ಲಿಷ್ ಪುಸ್ತಿಕೆ ಓದಿ ಅದನ್ನು ಬರೆಯುತ್ತಿದ್ದವಳು ನಾನು. ಧಾರವಾಡದಲ್ಲಿ ಬಿ.ಎ. ಮಾಡಿದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂದಿತ್ತು. ಕೆಳಗೆ ‘ಕಾಶಿನಾಥ, ಕಾರ್ಯದರ್ಶಿ’ ಎಂದು ಅಚ್ಚಾಗುತ್ತಿತ್ತು.

ಆ ವರ್ಷ ಅದೇ ಹೆಸರು ನನಗೆ ಅಡ್ಡ ಬಂತು. ಆರ್.ಟಿ. ನಗರದ ಒಂದು ಶಾಲೆಯಲ್ಲಿ ಎರಡೂ ಭಾಷೆ ಬರೆಯಬಲ್ಲ ಟೀಚರ್ ಬೇಕಾಗಿದ್ದರು. ಹೆಡ್‌ಮಿಸ್ಟ್ರೆಸ್ ಕುಬ್ರಾ ನನ್ನ ಹಾಳೆಗಳನ್ನು ಓದಿ, ಕೊನೆಯಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟರು. “ಚೆನ್ನಾಗಿದೆ ರತ್ನಕ್ಕ. ಆದ್ರೆ ನೀವೇ ಬರ್ದಿದ್ದು ಅಂತ ನಂಗೆ ಹೇಗ್ ಗೊತ್ತಾಗ್ಬೇಕು? ಸಂಘದಿಂದ ಒಂದು ಲೆಟರ್ ತನ್ನಿ. ಬುಧವಾರದೊಳಗೆ.”

ಮನೆಗೆ ಬಂದು ಗಂಡನನ್ನು ಕೇಳಿದೆ.

“ಸಂಘದ ಕಾಗದದಾಗ ಹೆಂಡ್ತಿ ಬಗ್ಗೆ ನಾ ಬರದು ಕೊಡೂದಾ? ಮಂದಿ ಏನಂದಾರು?” ಎಂದರು.

“ಖರೇ ಹೇಳ್ಯಾರ ಅಂದಾರು.”

“ನೀ ಬರೇ ಕನ್ನಡ ಮಾಡ್ತಿ. ವಿಚಾರ ನಂದು.”

ಆ ತಿಂಗಳ ಪುಸ್ತಿಕೆಯನ್ನು ಅವರು ತೆರೆದೂ ನೋಡಿರಲಿಲ್ಲ.

ಭಾನುವಾರ ನಮ್ಮ ಬಾಡಿಗೆ ಮನೆಯ ಮಾಲಕಿ ಮುನಿಯಲ್ಲಮ್ಮನೂ ನಾನೂ ಹಿಂದಿನ ಬೆಂಚಿನಲ್ಲಿ ಕೂತೆವು. ಪರದೆಯ ಮೇಲೆ ಜಗತ್ತನ್ನೇ ಆಳುವ ಯಂತ್ರ ಮಿಣಮಿಣ ಎನ್ನುತ್ತಿತ್ತು.

“ಗಣೇಶನ ಪೆಂಡಾಲ್ ಸೀರಿಯಲ್ ಸೆಟ್ ಕಣವ್ವ ಇದು. ಅದ್ರಾಗೂ ಅರ್ಧ ಬಲ್ಬ್ ಓಗವೆ,” ಎಂದಳು ಮುನಿಯಲ್ಲಮ್ಮ.

ಸಿನಿಮಾದಲ್ಲಿ ತಾನಾಗಿ ಸರಿಯಬೇಕಿದ್ದ ಬಾಗಿಲು ಅರ್ಧಕ್ಕೆ ನಿಂತಿತು. ಹಿಂದಿನಿಂದ ಯಾರದೋ ಕೈ ಬಂದು ಅದನ್ನು ತಳ್ಳಿತು. ನಮ್ಮ ಬೆಂಚು ಕಿಸಕ್ಕನೆ ನಕ್ಕಿತು. ಮುಂದಿನ ಸಾಲಿನ ಗಂಡಸರು ತಿರುಗಿ ‘ಶ್’ ಎಂದರು. ನನಗೂ ಅಂಥ ಸಿನಿಮಾ ಖುಷಿಯೇ. ಅಷ್ಟು ಗಂಭೀರವಾಗಿ ಅಷ್ಟು ಪೆದ್ದಾಗಿರುವುದನ್ನು ಪರದೆಯ ಮೇಲೆ ನೋಡುವುದು ಚೆಂದ. ಅದರ ಜೊತೆ ಹನ್ನೊಂದು ವರ್ಷ ಸಂಸಾರ ಮಾಡುವುದು ಬೇರೆ ಮಾತು. ಆ ಸಿನಿಮಾದ ಸರ್ಕಾರ ಮದುವೆ, ಅಡುಗೆ, ಹೆರಿಗೆ ಎಲ್ಲವನ್ನೂ ರದ್ದು ಮಾಡಿತ್ತು. ಹೆಂಗಸರಿಗೆ ಹೆಸರೂ ಇರಲಿಲ್ಲ, ಎದೆಯ ಮೇಲೆ ನಂಬರು. ಆದರೂ ಮಾತ್ರೆಯ ತಟ್ಟೆ ಹಿಡಿದು ನಿಂತವರು ಅವರೇ. ಆ ತಟ್ಟೆ ಹಿಡಿಯುವುದನ್ನೂ ರದ್ದು ಮಾಡಬಹುದೆಂಬುದು ಕತೆ ಬರೆದವನಿಗೂ ಹೊಳೆದಿರಲಿಲ್ಲ, ಮುಂದಿನ ಸಾಲಿನಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತವರಿಗೂ ಹೊಳೆಯಲಿಲ್ಲ.

ಮೊದಲ ರೀಲು ಮುಗಿದು ಆಪರೇಟರ್ ಮಜೀದ್ ಎರಡನೆಯದನ್ನು ಹಾಕಿದ. ಹೆಂಗಸರೆಲ್ಲ ಊರು ಬಿಟ್ಟು ಓಡಿಹೋದರು, ಮುದುಕ ವಿಜ್ಞಾನಿ ಸತ್ತ, ನಗರ ಎಂಬ ರಟ್ಟಿನ ಡಬ್ಬಿಗಳಿಗೆ ಬೆಂಕಿ ಬಿತ್ತು. ಮತ್ತೊಂದು ರೀಲು ಹಾಕಿದಾಗ ನಗರ ಹಾಗೇ ಇತ್ತು. ಹೆಂಗಸರು ತಟ್ಟೆ ಹಿಡಿದು ಬಂದರು.

“ಅಲ್ಲ ಕಣವ್ವ, ಆ ಮುದ್ಕ ಆಗ್ಲೇ ಸತ್ತೋದ್ನಲ್ಲ. ಈಗ ಎಂಗ್ ಮಾತ್ರೆ ನುಂಗ್ತಾವ್ನೆ?”

ನನಗೆ ಅರ್ಥವಾಯಿತು. ಎರಡನೆಯದರ ಜಾಗದಲ್ಲಿ ಮೂರನೆಯ ರೀಲು ಮೊದಲೇ ಓಡಿತ್ತು. ಸುಮ್ಮನಿದ್ದೆ.

ದೀಪ ಹಾಕಿದ ಮೇಲೆ ಚರ್ಚೆ. ಸಂಘದ ಅಧ್ಯಕ್ಷರಾದ ವೀರಬಸಪ್ಪ, ಗದಗ ಕಡೆಯ ಹಿರಿಯರು, ಹಾಳೆ ಹಿಡಿದು ಎದ್ದರು. “ಕಾಶಿನಾಥ, ಈ ಹಾಳ್ಯಾಗ ಬೆಂಕಿ ಕಡೀಕ ಐತಿ. ಸಿನಿಮಾದಾಗ ನಡುವ ಬಿತ್ತಲ್ಲ?”

ನನ್ನ ಗಂಡ ಕನ್ನಡಕ ತೆಗೆದು ಒರೆಸಿದರು. “ಸರ್, ಅದ ನಿರ್ದೇಶಕನ ಧೈರ್ಯ. ಮುಂದಿನ ಕಾಲದಾಗ ಕಾಲಕ್ಕ ಅರ್ಥ ಇಲ್ಲ. ಸತ್ತಾಂವ ಬದುಕ್ತಾನ. ಸುಟ್ಟದ್ದು ನಿಲ್ತದ. ಅದಕ್ಕ ಕಾಲಾನ ಮುರದಾನ.”

ಮುಂದಿನ ಸಾಲು ತಲೆಯಾಡಿಸಿತು. ಒಬ್ಬ ಬರೆದುಕೊಂಡ.

“ಹಂಗಾರ ಹಾಳಿ ತಪ್ಪೇನು? ನಿಮ್ಮ ಹೆಸರೈತಿ,” ಎಂದರು ವೀರಬಸಪ್ಪ.

ನನ್ನ ಗಂಡ ಹಿಂದಿನ ಬೆಂಚಿನಲ್ಲಿದ್ದ ನನ್ನ ಕಡೆ ಕೈ ತೋರಿಸಿದರು. “ಹಾಳಿ ನಾ ಬರದದ್ದಲ್ರಿ. ಎಲ್ಲಾ ನನ್ನ ಹೆಂಡ್ತಿ ಬರೀತಾಳ, ನನಗ ಟೈಮ್ ಎಲ್ಲೈತಿ? ಆಕಿಗೆ ಇಂಥ ಸಿನಿಮಾ ತಿಳಿಯೂದಿಲ್ಲ. ಅಡುಗಿ ಪುಸ್ತಕದ ಹಂಗ ಒಂದರ ಮ್ಯಾಲ ಒಂದು ಬರದು ಇಟ್ಟಾಳ.”

ಎಲ್ಲರೂ ನನ್ನತ್ತ ತಿರುಗಿದರು. ಆಗಲೇ ಮಜೀದ್ ತಗಡಿನ ಡಬ್ಬಿಗಳನ್ನು ಎತ್ತಿಕೊಂಡು ಬಂದ. “ಮಾಫ್ ಮಾಡಿ ಸರ್. ಡಬ್ಬಿ ಅದಲುಬದಲಾಗಿತ್ತು. ಮೂರ್ನೇ ರೀಲ್ ಮೊದ್ಲೇ ಓಡ್ಸ್‌ಬಿಟ್ಟೆ.”

ಹಾಲಿನಲ್ಲಿ ಮೊದಲು ನಕ್ಕವಳು ಮುನಿಯಲ್ಲಮ್ಮ. ಆಮೇಲೆ ನಾನು. ಕಾಲದ ಬಗ್ಗೆ ಬರೆದುಕೊಂಡವನು ಅದನ್ನು ಹೊಡೆದು ಹಾಕುತ್ತಿದ್ದ.

ನಾನು ಎದ್ದು ಮುಂದೆ ಹೋದೆ. ಗಂಡಸರ ಸಾಲಿನ ಮುಂದೆ ಅಲ್ಲಿಯವರೆಗೂ ನಾನು ನಿಂತವಳಲ್ಲ.

“ಸರ್, ಹಾಳಿ ನಾ ಬರೀತೀನಿ ಅಂತ ಕಾರ್ಯದರ್ಶಿಗಳು ಈಗ ಎಲ್ಲಾರ ಮುಂದ ಹೇಳ್ಯಾರ. ಅದನ್ನ ಸಂಘದ ಕಾಗದದಾಗ ಬರದು ಕೊಡ್ರಿ. ಶಾಲಿ ಕೆಲಸಕ್ಕ ಬೇಕಾಗೇದ.”

“ಮನಿ ಮಾತು ಮನ್ಯಾಗ,” ಎಂದರು ಕಾಶಿನಾಥ.

“ನೀವ ಅಲ್ಲೇನ್ರಿ ಹೊರಗ ತಂದದ್ದು?” ಎಂದು ವೀರಬಸಪ್ಪ ಕೇಳಿ ಪೆನ್ನು ತೆಗೆದರು. ಮೂರು ಸಾಲು ಬರೆದು ಸಹಿ ಹಾಕಿ ಕಾಗದವನ್ನು ನನ್ನ ಗಂಡನ ಮುಂದೆ ತಳ್ಳಿದರು. ಕಾರ್ಯದರ್ಶಿಯ ಸಹಿಯಿಲ್ಲದೆ ಸಂಘದ ಕಾಗದ ಹೊರಗೆ ಹೋಗುವಂತಿರಲಿಲ್ಲ.

“ನನ್ನ ಮಾರ್ಗದರ್ಶನದಾಗ ಅಂತ ಒಂದು ಮಾತು ಸೇರಸ್ರಿ ಸರ್.”

“ಪುಸ್ತಿಕಾ ಓದಿದ್ರೇನ್ರಿ ನೀವು?” ಎಂದು ಕೇಳಿದೆ. ಮೆಲ್ಲಗೇ ಕೇಳಿದ್ದು, ಆದರೆ ಮುಂದಿನ ಸಾಲಿಗೆಲ್ಲ ಕೇಳಿಸಿತು.

ಅವರು ಸಹಿ ಹಾಕಿದರು. ಸಿನಿಮಾದಲ್ಲಿ ವೈರು ಕಿತ್ತು ಜಗತ್ತನ್ನು ಬಿಡಿಸುವವನನ್ನು ಕಂಡು ಕಣ್ಣೊರೆಸಿಕೊಳ್ಳುತ್ತಿದ್ದ ಮನುಷ್ಯ, ನನ್ನ ಹೆಸರಿದ್ದ ಮೂರು ಸಾಲಿನ ಕೆಳಗೆ ಸಹಿ ಹಾಕಲು ಬೆವರಿದ.

ಮನೆಗೆ ನಡೆಯುವಾಗ ಅವರು ನನಗಿಂತ ಹತ್ತು ಹೆಜ್ಜೆ ಮುಂದಿದ್ದರು. ರೈಲ್ವೆ ಗೇಟು ಹಾಕಿದ್ದರಿಂದ ನಿಲ್ಲಬೇಕಾಯಿತು. ಗೂಡ್ಸ್ ಗಾಡಿ ಹೋದ ಮೇಲೆ ನನ್ನತ್ತ ತಿರುಗಿ ಕೇಳಿದರು.

“ಮುಂದಿನ ತಿಂಗಳ ಪುಸ್ತಿಕಾ ಬಂದೈತಿ. ಭಾಳ ಕಠಿಣ ಐತಿ. ಅದನ್ನ ಯಾರು ಬರೀಬೇಕು?”

“ವಿಚಾರ ನಿಮ್ಮದೈತಲ್ರಿ. ಕನ್ನಡ ಅಷ್ಟ ಮಾಡೂದು. ಮಾಡ್ಕೋರಿ,” ಎಂದೆ.

ಗೇಟು ಮೇಲೆದ್ದಿತು. ಈ ಸಲ ನಾನು ಮುಂದೆ ನಡೆದೆ.