ಅಕ್ಕನ ಕುರ್ಚಿಗೆ ಹಾಕಿದ ಸರ್ಕ್ಯೂಟು

ರೇಡಿಯೋ ರಿಪೇರಿಯವನು ಎಂದೇ ಬೀದಿಗೆಲ್ಲ ಗೊತ್ತಿದ್ದ ಅವನು ಮೂವತ್ತು ವರ್ಷದಲ್ಲಿ ಯಾರ ಸಾಮಾನನ್ನೂ ಕೆಡಿಸಿದವನಲ್ಲ. ಕೆಡಿಸಿದ್ದು ಒಂದೇ, ಅದೂ ಸ್ವಂತ ಅಕ್ಕನ ಗಾಲಿಕುರ್ಚಿ.

ಕಾಲುಗಳ ಸ್ವಾಧೀನ ತಪ್ಪಿದ ಮೇಲೂ ಅಕ್ಕ ಹೊಲಿಗೆ ಕಲಿಸುವುದನ್ನು ಬಿಟ್ಟಿರಲಿಲ್ಲ. ಕೈಯಲ್ಲೇ ಗಾಲಿ ತಳ್ಳಿಕೊಂಡು ಹೊಲಿಗೆ ತರಗತಿಯ ದಾರಿಯಲ್ಲಿದ್ದ ಸೇತುವೆಯ ಏರು ಹತ್ತುವಷ್ಟರಲ್ಲಿ ಭುಜ ಸೋತುಹೋಗುತ್ತಿತ್ತು. ಅದನ್ನು ನೋಡಲಾರದೆ ಅವನು ಕುರ್ಚಿಗೊಂದು ಮೋಟಾರು ಕೂರಿಸಿ, ಅದರ ವೇಗವನ್ನು ಹಿಡಿತದಲ್ಲಿಡುವ ಡ್ರೈವರ್ ಸರ್ಕ್ಯೂಟನ್ನು ತಾನೇ ಬೆಸುಗೆ ಹಾಕಿ ಮಾಡಿದ. ಕುರ್ಚಿ ಚೆನ್ನಾಗಿಯೇ ಓಡಿತು. ಆದರೆ ಕೊಂಯ್ ಎಂದು ಕೂಗುತ್ತಿತ್ತು.

"ಬೀದಿಯವರೆಲ್ಲ ತಿರುಗಿ ನೋಡ್ತಾರೆ ಕಣೋ. ನಾಚಿಕೆಯಾಗುತ್ತೆ," ಎಂದಳು ಅಕ್ಕ.

ಅಷ್ಟು ಸಾಕಾಯಿತು. ಸೆಕೆಂಡಿಗೆ ಸಾವಿರ ಸಲ ವಿದ್ಯುತ್ತನ್ನು ಕೊಟ್ಟು ನಿಲ್ಲಿಸುತ್ತ ಆ ಕೂಗನ್ನು ಎಬ್ಬಿಸುತ್ತಿದ್ದ ಸರ್ಕ್ಯೂಟನ್ನು ಅವನು ಇಪ್ಪತ್ತು ಸಾವಿರಕ್ಕೆ ಏರಿಸಿದ. ಸದ್ದು ಕಿವಿಗೆ ನಿಲುಕದಂತಾಯಿತು. ವಿದ್ಯುತ್ತನ್ನು ಹಾಗೆ ಬಿಟ್ಟು ತಡೆಯುವ ಟ್ರಾನ್ಸಿಸ್ಟರ್, ಸಲ ಹೆಚ್ಚಿದಷ್ಟೂ ಬಿಸಿಯೇರುತ್ತದೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅಂಗಳದಲ್ಲಿ ಎರಡು ಸುತ್ತು ಓಡಿಸಿ, ಮುಟ್ಟಿ ನೋಡಿ, ಬೆಚ್ಚಗಿದೆ ಅಷ್ಟೇ ಅಂದುಕೊಂಡ. ಅಂದವಾಗಿರಲೆಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಯೂಬಿಟ್ಟ.

ಹನ್ನೊಂದನೆಯ ದಿನ ಸೇತುವೆಯ ಏರಿನಲ್ಲಿ ಟ್ರಾನ್ಸಿಸ್ಟರ್ ಸುಟ್ಟುಹೋಯಿತು. ಸುಟ್ಟದ್ದು ಕಡಿದುಹೋಗಲಿಲ್ಲ, ಒಳಗೊಳಗೇ ಬೆಸೆದುಕೊಂಡು ವಿದ್ಯುತ್ತನ್ನು ತಡೆಯದೆ ಹರಿಯಬಿಟ್ಟಿತು. ಅಕ್ಕ ಓಡಿಸುವ ಗುಂಡಿ ಬಿಟ್ಟರೂ ಕುರ್ಚಿ ನಿಲ್ಲಲಿಲ್ಲ. ಪೂರ್ತಿ ವೇಗದಲ್ಲಿ ಸೇತುವೆ ದಾಟಿ, ಇಳಿಜಾರಿನಲ್ಲಿ ನುಗ್ಗಿ, ಗೋಡೆಗೆ ಬಡಿಯಿತು. ಅವಳ ಬಲಗೈ ಮಣಿಕಟ್ಟು ಮುರಿಯಿತು. ಕತ್ತರಿ ಹಿಡಿಯುವ ಕೈ.

ಆಸ್ಪತ್ರೆಯಿಂದ ಬಂದ ಮೇಲೆ ತಮ್ಮ ಅವಳ ಮುಖ ನೋಡಲಾರದೆ ಗೋಡೆಗೆ ಹೇಳಿದ: "ಇನ್ನು ಆ ಮೋಟಾರಿನ ಸುದ್ದಿಯೇ ಬೇಡ ಅಕ್ಕಾ. ದಿನಾ ನಾನೇ ತಳ್ಕೊಂಡು ಹೋಗ್ತೀನಿ."

"ಎಷ್ಟು ದಿನ ತಳ್ತೀಯ? ನಿನಗೇ ಮೊಣಕಾಲು ಹಿಡ್ಕೊಂಡಿದೆ. ಎಲ್ಲಿ ತಪ್ಪಾಯ್ತು, ಅದನ್ನ ಹೇಳು."

ಅವನು ಹೇಳಿದ.

"ಅಂದ್ರೆ ನನ್ನ ನಾಚಿಕೆಗೋಸ್ಕರ."

"ನೀನು ಹೇಳಿದ್ದು ಸದ್ದಿನ ಮಾತು ಅಷ್ಟೇ. ಕೈಯಲ್ಲಿ ಮುಟ್ಟಿ ನೋಡಿ ಸುಮ್ಮನಾದವನು ನಾನು."

"ಕೂಗಿದ್ರೆ ಕೂಗ್ಲಿ ಬಿಡು. ಸರಿಯಾಗಿ ಮಾಡು."

ಮೊದಲಿನಿಂದ ಮಾಡಿದ. ವಿದ್ಯುತ್ ಕೊಟ್ಟು ನಿಲ್ಲಿಸುವ ಲೆಕ್ಕ ಮತ್ತೆ ಸೆಕೆಂಡಿಗೆ ಸಾವಿರಕ್ಕೆ ಇಳಿಯಿತು. ಹೆಚ್ಚು ಹೊರೆ ತಾಳುವ ಟ್ರಾನ್ಸಿಸ್ಟರುಗಳು ಬಂದವು. ಶಾಖ ದಾಟಿಸುವ ಲೇಪ ಸವರಿ ಅವನ್ನು ಬಿಸಿಯನ್ನು ಗಾಳಿಗೆ ಬಿಡುವ ಏಣುಏಣಾದ ಅಲ್ಯೂಮಿನಿಯಂ ತಟ್ಟೆಗೆ ಬಿಗಿದ, ಡಬ್ಬಿಗೆ ಗಾಳಿಕಿಂಡಿ ಕೊರೆದ. ಬಿಸಿ ಮಿತಿ ಮೀರಿದರೆ ತಾನಾಗಿ ವಿದ್ಯುತ್ ಕಡಿಯುವ ಸ್ವಿಚ್ಚು, ಕಡಿದೊಡನೆ ಗಾಲಿ ಕಚ್ಚುವ ಬ್ರೇಕು, ಬ್ಯಾಟರಿಯನ್ನೇ ಬಿಡಿಸುವ ಕೆಂಪು ಗುಂಡಿ ಅವಳ ಎಡಗೈ ಬಳಿ. ಆಮೇಲೆ ತಾನೇ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಮರಳಿನ ಚೀಲ ಇಟ್ಟುಕೊಂಡು, ಉರಿಬಿಸಿಲಲ್ಲಿ ಅದೇ ಏರನ್ನು ನಲವತ್ತು ಸಲ ಹತ್ತಿದ. "ರಿಪೇರಿಯವರೇ, ನಿಮಗೂ ಕಾಲು ಹೋಯ್ತಾ?" ಎಂದು ತರಕಾರಿಯವಳು ನಕ್ಕಳು. ಅವನಿಗೆ ನಗು ಬರಲಿಲ್ಲ.

ಅಕ್ಕನ ಕೈಯ ಪಟ್ಟಿ ಬಿಚ್ಚಿದ ಮೊದಲ ದಿನ ಅವನು ಕುರ್ಚಿಯ ಹಿಂದೆಯೇ ನಡೆದ. ಏರಿನ ನಡುವೆ ಕುರ್ಚಿ ಟಕ್ಕೆಂದು ನಿಂತಿತು. ಅವನು ಓಡಿಬಂದು ಹಿಡಿಕೆ ಹಿಡಿದ. ಅಕ್ಕ ಡಬ್ಬಿಯ ಮೇಲೆ ಕೈಯಿಟ್ಟಳು.

"ಕಾದಿದೆ, ಅಷ್ಟೇ. ದಣಿವಾರಿಸ್ಕೊಳ್ಲಿ. ನೀನೂ ಉಸಿರು ಬಿಡು."

ಆರು ನಿಮಿಷಕ್ಕೆ ಕುರ್ಚಿ ಮತ್ತೆ ಹೊರಟಿತು.

ಆ ಮಣಿಕಟ್ಟು ಮಾತ್ರ ಪೂರ್ತಿ ತಿರುಗಲೇ ಇಲ್ಲ. ಅಕ್ಕ ಎಡಗೈಯಲ್ಲಿ ಬಟ್ಟೆ ಕತ್ತರಿಸಲು ಕಲಿತಳು. ಮೊದಮೊದಲು ಅಂಚು ಸೊಟ್ಟಗಾಗುತ್ತಿತ್ತು. ತಮ್ಮ ವಾರಕ್ಕೊಮ್ಮೆ ಡಬ್ಬಿ ಬಿಚ್ಚಿ, ತಟ್ಟೆಯ ಸಂದುಗಳಲ್ಲಿ ಕೂತ ಧೂಳನ್ನು ಬ್ರಷ್ಷಿನಿಂದ ತೆಗೆಯುತ್ತಾನೆ. ಒಂದು ವಾರವನ್ನೂ ಅವನು ತಪ್ಪಿಸಿಲ್ಲ.